ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು!

ಪ್ರಶ್ನೆ: ಬಿಡಿಭಾಗ ತಂದು ನಾನೇ ಜೋಡಿಸಿದ ಕಂಪ್ಯೂಟರ್. ಕೆಲವು ಸಲ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಗೇಮ್ ಆಡುವಾಗ ಒಮ್ಮೊಮ್ಮೆ ಪಟ್ ಅಂತ ಆಫ್ ಆಗುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಅಂತಾರೆ. ಬದಲಿಸಲೇ?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಇವು ಎರಡು ಬೇರೆ ಬೇರೆ ತೊಂದರೆ ಇರಬಹುದು.

ಮೊದಲು ಸ್ಕ್ರೀನ್. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಿರಬೇಕು, ಮದರ್‌ಬೋರ್ಡಿಗಲ್ಲ. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಿಕ್ ಅನ್ನುವವರೆಗೂ ಒತ್ತಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಎಷ್ಟೋ ಸಲ ತೊಂದರೆ ಇಲ್ಲೇ ಮುಗಿಯುತ್ತದೆ.

ಗೇಮ್ ಆಡುವಾಗ ಆಫ್ ಆದರೆ ನನಗೆ ಅನುಮಾನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ. ಅದರ 12 ವೋಲ್ಟ್ ಲೈನ್ 11.4ಕ್ಕಿಂತ ಇಳಿಯಬಾರದು, ಆದರೆ ಸುಮ್ನೆ ಇರುವಾಗ ಸರಿ ತೋರಿಸಿ ಲೋಡ್ ಬಿದ್ದಾಗ ಕುಸಿಯುವುದೂ ಉಂಟು. ಗೆಳೆಯರ ಹತ್ತಿರ ಸಾಕಷ್ಟು ವ್ಯಾಟ್‌ನ ಒಳ್ಳೆಯದೊಂದನ್ನು ಕೇಳಿ ತಂದು ಎರಡು ದಿನ ಓಡಿಸಿ, ಆದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಿ. ಪ್ರೊಸೆಸರ್ ಜಾಸ್ತಿ ಬಿಸಿಯಾಗುತ್ತಿದೆಯಾ ಅಂತಲೂ ನೋಡಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.