ಪಕ್ಕದ ಸೈಟಿನ ಕಡೆ ಕಟ್ಟಿದ ತಡೆಗೋಡೆ ಮಳೆಗಾಲದಲ್ಲಿ ಯಾಕೆ ಉಬ್ಬುತ್ತದೆ?

ಅದನ್ನು ತಳ್ಳುತ್ತಿರುವುದು ಬರೀ ಮಣ್ಣಲ್ಲ, ಹಿಂದೆ ಸಿಕ್ಕಿಕೊಂಡ ನೀರು. ನಿಮ್ಮ ಸೈಟು ಪಕ್ಕದವರದಕ್ಕಿಂತ 3 ಅಡಿ ಎತ್ತರ ಅಂದುಕೊಳ್ಳಿ. ಅಷ್ಟೂ ಎತ್ತರಕ್ಕೆ ನೀರು ನಿಂತರೆ, ಮಣ್ಣಿನ ಭಾರ ಬಿಟ್ಟು ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಸುಮಾರು 400 ಕೆ.ಜಿ. ಬಲ ಹಾಕುತ್ತದೆ, ಎತ್ತರ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು.

ಹಾಗಾಗಿ ನೀರನ್ನು ತಡೆಯಬೇಡಿ, ದಾರಿ ಕೊಡಿ. ಗೋಡೆಯ ಹಿಂದೆ ಒಂದಡಿ ಅಗಲಕ್ಕೆ ದಪ್ಪ ಜಲ್ಲಿ ತುಂಬಿಸಿ. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಜಿಯೋ ಬಟ್ಟೆ ಹಾಸಲೇಬೇಕು, ಇಲ್ಲದಿದ್ದರೆ ನಮ್ಮ ಚಿಕ್ಕಬಳ್ಳಾಪುರ ಕಡೆಯ ಕೆಂಪು ಮಣ್ಣು ಕೊಚ್ಚಿಕೊಂಡು ಬಂದು ಜಲ್ಲಿಯ ಸಂದುಗಳನ್ನು ಮುಚ್ಚಿಬಿಡುತ್ತದೆ. ಮೇಸ್ತ್ರಿಗಳು ಸಾಮಾನ್ಯವಾಗಿ ಗೋಡೆಯಲ್ಲೇ ತೂತು ಬಿಡುತ್ತಾರೆ. ಗೋಡೆ ಉಳಿಯುತ್ತದೆ ನಿಜ, ಆದರೆ ನೀರೆಲ್ಲ ಪಕ್ಕದವರ ಅಂಗಳಕ್ಕೆ! ಜಗಳಕ್ಕೆ ಇಷ್ಟು ಸಾಕಲ್ವಾ? ಅದರ ಬದಲು ಜಲ್ಲಿಯ ತಳದಲ್ಲಿ 4 ಇಂಚಿನ ತೂತು ಪೈಪು ಮಲಗಿಸಿ, 100 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟು ರಸ್ತೆಯ ಮಳೆನೀರಿನ ಚರಂಡಿಗೆ ಬಿಡಿ.

ಸೈಜುಗಲ್ಲು ಹತ್ತಿರದಲ್ಲೇ ಸಿಗುವ ಊರು ನಮ್ಮದು. ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ ತಾನೇ ನೀರು ಬಸಿಯುತ್ತದೆ, ಆದರೂ ಪೈಪು ಬೇಕು. ಮತ್ತೆ, ತಾರಸಿ ನೀರನ್ನು ಸುಮ್ನೆ ತೋಟಕ್ಕೆ ಬಿಟ್ಟಿದ್ದರೆ ಮೊದಲು ಆ ತಾರಸಿ ಪೈಪನ್ನು ಬೇರೆ ಕಡೆಗೆ ತಿರುಗಿಸಿ. ಈಗಾಗಲೇ ಉಬ್ಬಿದ ಭಾಗಕ್ಕೆ ಪ್ಲಾಸ್ಟರ್ ಬಳಿದು ಪ್ರಯೋಜನವಿಲ್ಲ, ಬಿಚ್ಚಿ ಕಟ್ಟಿಸಿ.