ಸಂಜೆ ಹೊತ್ತು ವೋಲ್ಟೇಜ್ ಕುಸಿತ: 40 ಮನೆಗಳ ದೂರಿಗೆ ಉತ್ತರವಿಲ್ಲ, ಏನು ಮಾಡುವುದು?

ಇಡೀ ಬೀದಿಯಲ್ಲಿ ಸಂಜೆ ಮಾತ್ರ ದೀಪ ಮಂಕಾಗುತ್ತಿದ್ದರೆ ಬಹುಶಃ ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಹೆಚ್ಚಾಗಿದೆ, ಇಲ್ಲವೇ ತಂತಿ ತೀರಾ ಉದ್ದ ಮತ್ತು ತೆಳು. ಯಾವುದೆಂದು ಅಳೆಯದೆ ಹೇಳಲಾಗದು.

ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆ, ನಡುವಿನದು, ಕಟ್ಟಕಡೆಯದು: ಒಂದೇ ಫೇಸಿನ (ಬೀದಿಗೆ ಬರುವ ಮೂರು ಕರೆಂಟ್ ತಂತಿಗಳಲ್ಲಿ ಒಂದರ) ಈ ಮೂರರಲ್ಲೂ 7 ದಿನ, ಸಂಜೆ 6ರಿಂದ 10ರವರೆಗೆ ಅರ್ಧ ಗಂಟೆಗೊಮ್ಮೆ, ಒಂದೇ ಹೊತ್ತಿಗೆ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಉಪಕರಣ) ಓದಿ ಬರೆದಿಡಿ. ಮೊದಲ ಮನೆಯಲ್ಲೇ ಕಡಿಮೆಯಿದ್ದರೆ ದೋಷ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಥವಾ ಅದಕ್ಕೂ ಹಿಂದೆ. ಕೊನೆಯಲ್ಲಷ್ಟೇ ಕುಸಿದರೆ ತಂತಿಯದ್ದು. 230 ವೋಲ್ಟ್ ಇರಬೇಕಾದಲ್ಲಿ ಒಂದು ಮನೆಗೆ 180, ಪಕ್ಕದ ಮನೆಗೆ 270 ಬಂದರೆ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ತಂತಿ) ಸಡಿಲವಾಗಿರುವ ಸಂಭವ ಹೆಚ್ಚು. ಆಗ ವಾರ ಕಾಯಬೇಡಿ. ಮೇನ್ ಆಫ್ ಮಾಡಿ ತುರ್ತು ದೂರು ಕೊಡಿ. ಕಂಬದ ತಂಟೆಗೆ ಮಾತ್ರ ಹೋಗಬೇಡಿ.

ಮನೆಗೊಂದು ಸ್ಟೆಬಿಲೈಜರ್ ಮದ್ದಲ್ಲ. ವೋಲ್ಟೇಜ್ ಏರಿಸಲು ಅದು ಲೈನಿನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ, ಕೊನೆಯ ಮನೆ ಇನ್ನಷ್ಟು ಸೊರಗುತ್ತದೆ.

40 ಬಿಡಿ ದೂರುಗಳ ಬದಲು ವಿದ್ಯುತ್ ಕಚೇರಿಗೆ ಒಂದೇ ಅರ್ಜಿ ಬರೆಯಿರಿ: ಎಲ್ಲರ ಗ್ರಾಹಕ ಸಂಖ್ಯೆ, ಸಹಿ, ಅಳತೆಯ ಪಟ್ಟಿ. 'ಸರಿಪಡಿಸಿ' ಎಂದಷ್ಟೇ ಬೇಡ. ಮೊದಲು ಮೂರು ಫೇಸ್‌ಗಳಿಗೆ ಹೊರೆ ಸಮನಾಗಿ ಹಂಚಲು ಕೇಳಿ, ಅದು ಅಗ್ಗ. ಸಾಲದಿದ್ದರೆ ದಪ್ಪ ತಂತಿ ಅಥವಾ ದೊಡ್ಡ ಟ್ರಾನ್ಸ್‌ಫಾರ್ಮರ್. ಸ್ವೀಕೃತಿ ಸಂಖ್ಯೆ ಪಡೆಯದೆ ಕಚೇರಿ ಬಿಡಬೇಡಿ. ಮೇಲ್ಮನವಿಗೆ ಅದೇ ಆಧಾರ.