ಕಂಪ್ಲಿ ಕೋಟೆಯ ಹೊಳೆ ದಂಡೆಯಲ್ಲಿ ವಾಕಿಂಗ್, ಸೈಕಲ್ ದಾರಿ ಮಾಡಿಸಲು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಮೂರು ಮಾತು. ಕಂಪ್ಲಿಯ ಕೋಟೆ ಭಾಗದಲ್ಲಿ ತುಂಗಭದ್ರೆಯ ದಂಡೆಗುಂಟ ನಡೆಯಲು, ಸೈಕಲ್ ಹೊಡೆಯಲು ದಾರಿ ಆಗುತ್ತದಾ? ಯಾರನ್ನು ಹಿಡಿಯಬೇಕು? ಬಾಡಿಗೆ ಸೈಕಲ್ ಇಡಬಹುದಾ? ನಾನು ಬಳ್ಳಾರಿಯವನು. ಪುರಸಭೆ, ಪಟ್ಟಣ ಪಂಚಾಯಿತಿ ಕೆಲಸಗಳಿಗೆ ಎಸ್ಟಿಮೇಟ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಕಂಪ್ಲಿಯಲ್ಲಿ ನೆಂಟರಿದ್ದಾರೆ, ಹಾಗಾಗಿ ಆ ದಂಡೆಯ ಪರಿಚಯವೂ ಇದೆ.

ದಾರಿ ಆಗುತ್ತದೆ. ಆದರೆ ಇದು ನೀರಲ್ಲಿ ಮುಳುಗುವ ದಾರಿ ಎಂದು ಒಪ್ಪಿಕೊಂಡೇ ಪ್ಲಾನ್ ಮಾಡಬೇಕು. ಮಳೆಗಾಲದಲ್ಲಿ ಮೇಲ್ಗಡೆಯ ತುಂಗಭದ್ರಾ ಡ್ಯಾಂನ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತೆಂದರೆ ಕಂಪ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸುವ ಮಾತು ಶುರುವಾಗುತ್ತದೆ. ಕೋಟೆಯ ಕೆಳಗಿನ ಮನೆಗಳವರು ಸಾಮಾನು ಕಟ್ಟಿಡುತ್ತಾರೆ. 2009, 2019, 2022ರ ನೆರೆ ಕಂಡವರು ನಿಮ್ಮ ಓಣಿಯಲ್ಲೇ ಇದ್ದಾರೆ. ಮೇಲಾಗಿ ಇಲ್ಲಿ ಹೊಳೆ ಏರಲು ನಮ್ಮೂರಲ್ಲಿ ಮಳೆ ಬೀಳಬೇಕೆಂದಿಲ್ಲ, ಮಲೆನಾಡಲ್ಲಿ ಬಿದ್ದರೆ ಸಾಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಆಗ ಅದೂ ಬೇಕಿರಲಿಲ್ಲ.

ಆದ್ದರಿಂದ ಮೊದಲ ಕೆಲಸ ನಕ್ಷೆಯಲ್ಲ, ಗೆರೆ. ಓಣಿಯ ಹಿರಿಯರನ್ನು, ಮೀನು ಹಿಡಿಯುವವರನ್ನು ಕರೆದುಕೊಂಡು ದಂಡೆಯಲ್ಲಿ ನಡೆಯಿರಿ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆ, ಕಲ್ಲು, ಮರದ ಮೇಲೆ ಸುಣ್ಣದಿಂದ ಗುರುತು ಹಾಕಿಸಿ. (ಹಳೇ ಗುಡಿ, ಕೋಟೆ ಗೋಡೆಗಳಿಗೆ ಮಾತ್ರ ಬಳಿಯಬೇಡಿ, ಫೋಟೋ ತೆಗೆದು ಬರೆದುಕೊಳ್ಳಿ ಸಾಕು.) ಎಂಜಿನಿಯರ್ ಬಂದಾಗ ತೋರಿಸಲು ಇದಕ್ಕಿಂತ ಒಳ್ಳೆ ದಾಖಲೆ ಇಲ್ಲ.

ಆ ಗೆರೆ ಸಿಕ್ಕಮೇಲೆ ದಾರಿ ಎರಡಾಗುತ್ತದೆ. ಗೆರೆಯ ಕೆಳಗಿನದು ಬೇಸಿಗೆ ದಾರಿ. ಮೇಲಿನದು ವರ್ಷಪೂರ್ತಿ ದಾರಿ, ಇದು ಕೋಟೆಯ ಓಣಿಗಳ ಮೂಲಕವೇ ಹೋಗಲಿ. ಎರಡನ್ನೂ ಅಲ್ಲಲ್ಲಿ ಕೂಡಿಸಬೇಕು. ನೀರು ಏರಿದಾಗ ಕೆಳಗಿದ್ದವರು ಬಂದ ದಾರಿಯಲ್ಲೇ ದೂರ ವಾಪಸ್ ಹೋಗುವ ಹಾಗಾಗಬಾರದು, ಹತ್ತಿರದ ಓಣಿ ಹತ್ತಿ ಮೇಲೆ ಬರುವಂತಿರಬೇಕು. ಈ ಕೂಡು ದಾರಿಗಳಿಗೆ ಬರೀ ಮೆಟ್ಟಿಲು ಕಟ್ಟಿದರೆ ಸೈಕಲ್ ಬರಲ್ಲ, ಗಾಲಿಕುರ್ಚಿಯೂ ಬರಲ್ಲ. ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ಸೈಕಲ್ಲಿಗೆ 20 ಅಡಿ ಸಿಕ್ಕರೆ ಆರಾಮ.

ಕೆಳಗಿನ ದಾರಿಗೆ ದುಡ್ಡು ಸುರಿಯಬೇಡಿ. ಲೈಟು ಕಂಬ, ಗ್ರಾನೈಟ್ ಬೆಂಚು, ಇಂಟರ್‌ಲಾಕ್ ಟೈಲ್ಸ್, ಸ್ಟೀಲ್ ಕಂಬಿ ಯಾವುದೂ ಬೇಡ. ಗರಸು ಹಾಕಿ ರೋಲರ್ ಹೊಡೆಸಿ, ಅಂಚಿಗೆ ಕಲ್ಲು ಕೂರಿಸಿದರೆ ಆಯಿತು. ನೀರು ಇಳಿದ ಮೇಲೆ ಕೊಚ್ಚಿಹೋದ ಕಡೆ ಮತ್ತೆ ಗರಸು ಹಾಕಿಸಿದರೆ ಮುಗಿಯಿತು. ಆ ಖರ್ಚನ್ನು ಪುರಸಭೆಯ ವರ್ಷದ ನಿರ್ವಹಣೆ ಲೆಕ್ಕದಲ್ಲೇ ಸೇರಿಸಬೇಕು. ಎರೆ ಮಣ್ಣಿರುವ ತುಂಡುಗಳಲ್ಲಿ ಟೈಲ್ಸ್ ಆಸೆ ಇನ್ನೂ ಕೆಟ್ಟದ್ದು. ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನಮ್ಮ ಕಡೆಯ ಒಂದು ಊರಿನಲ್ಲಿ ಕೆರೆ ಪಕ್ಕ ಹಾಕಿದ್ದ ಟೈಲ್ಸ್ ಎರಡನೇ ಬೇಸಿಗೆಗೆ ಹಪ್ಪಳದ ಹಾಗೆ ಎದ್ದು ನಿಂತಿದ್ದವು. ಉದ್ಘಾಟನೆಯ ಕಲ್ಲು ಮಾತ್ರ ಗಟ್ಟಿಯಾಗಿತ್ತು.

ಇನ್ನೊಂದು ಮಾತು, ಇದನ್ನು ಯಾವ ಡಿಪಿಆರ್‌ನಲ್ಲೂ (ವಿವರವಾದ ಯೋಜನಾ ವರದಿ) ಬರೆಯುವುದಿಲ್ಲ. ಹೊಳೆ ದಂಡೆಯಲ್ಲಿ ಅಗಲವಾದ, ಗಟ್ಟಿಯಾದ ದಾರಿ ಮಾಡಿದಿರೋ, ಅದು ಮೊದಲು ಮರಳು ಟ್ರ್ಯಾಕ್ಟರಿಗೆ ಅನುಕೂಲ. ರಾತ್ರಿ ಅವು ಓಡಾಡಿದರೆ ತಿಂಗಳೊಳಗೆ ದಾರಿ ಹೋಯಿತು. ಅದಕ್ಕೇ ದಾರಿಗೆ ಇಳಿಯುವ ಎಲ್ಲ ಬಾಯಿಗಳಲ್ಲೂ ದಪ್ಪ ಗುಂಡುಕಲ್ಲು ಹೂಳಿಸಿ, ನಡುವೆ ನಾಲ್ಕು ಅಡಿಯಷ್ಟೇ ಬಿಡಿ. ಸೈಕಲ್, ಗಾಲಿಕುರ್ಚಿ, ಎಮ್ಮೆ ದಾಟುತ್ತವೆ, ಟ್ರಾಲಿ ದಾಟಲ್ಲ. ಬೈಕ್ ದಾಟುತ್ತದೆ, ನಿಜ. ಗಾಲಿಕುರ್ಚಿ ಹೋಗುವ ಸಂದಿಯಲ್ಲಿ ಬೈಕನ್ನು ತಡೆಯುವ ಕಲ್ಲು ಇನ್ನೂ ಹುಟ್ಟಿಲ್ಲ. ಅದನ್ನು ತಡೆಯುವುದು ಅಲ್ಲಿ ಓಡಾಡುವ ಜನರ ಕಣ್ಣು ಮಾತ್ರ. ಕಲ್ಲಿನಾಚೆ ದಾರಿಯ ಅಗಲ 3 ಮೀಟರ್ ಇದ್ದರೆ ನಡೆಯುವವರಿಗೂ ಸೈಕಲ್ಲಿಗೂ ಒಟ್ಟಿಗೆ ಸಾಲುತ್ತದೆ. ಓಣಿಗಳಲ್ಲಿ ಅಷ್ಟು ಜಾಗ ಸಿಗಲ್ಲ. ಅಲ್ಲಿ ಫುಟ್‌ಪಾತಿಗೆ ರಸ್ತೆಗಳ ಅಳತೆ ನಿಯಮ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ಕೂಡ ಕಷ್ಟ. ಸುಮ್ನೆ ಬಣ್ಣದ ಗೆರೆ ಎಳೆದು ಸೈಕಲ್ ಟ್ರ್ಯಾಕ್ ಅನ್ನುವ ಬದಲು ಹಂಪ್ ಹಾಕಿ ಗಾಡಿಗಳ ವೇಗ ಇಳಿಸಿ.

ದಂಡೆ ಖಾಲಿ ಜಾಗ ಅಂತ ಅಂದುಕೊಳ್ಳಬೇಡಿ. ಬೆಳಿಗ್ಗೆ ಬಟ್ಟೆ ಒಗೆಯುವವರು, ಬಲೆ ಒಣಹಾಕುವವರು, ಹರಿಗೋಲು ಕವುಚಿಟ್ಟವರು, ದನ ಮೈ ತೊಳೆಸುವವರು, ಕರ್ಮಾಂತರಕ್ಕೆ ಬಂದವರು ಎಲ್ಲರಿಗೂ ಅಲ್ಲಿ ಅವರವರ ಜಾಗ ಇದೆ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ, ಸಂತೆ ದಿನವೊಮ್ಮೆ ಹೋಗಿ ಯಾರು ಎಲ್ಲಿದ್ದಾರೆ ಎಂದು ಬರೆದುಕೊಳ್ಳಿ. ದಾರಿ ಅವರ ಹಿಂದಿನಿಂದ ಹೋಗಲಿ, ಅವರಿಗೂ ನೀರಿಗೂ ನಡುವೆ ಬೇಡ. ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಕಲ್ಲುಗಳ ಎದುರು ಸೆಲ್ಫಿ ಪಾಯಿಂಟ್ ಮಾಡುವ ಮಹಾನುಭಾವರೂ ಇರುತ್ತಾರೆ. ಸೈಕಲ್ ಎಣಿಸುವಾಗಲೂ ಹೆಲ್ಮೆಟ್ ಹಾಕಿದವರನ್ನು ಮಾತ್ರ ಎಣಿಸಬೇಡಿ. ಹೊಲಕ್ಕೆ, ಶಾಲೆಗೆ, ಹಾಲು ಹಾಕಲು ಹೋಗುವ ಸೈಕಲ್ಲುಗಳೇ ಜಾಸ್ತಿ. ದಾರಿ ಮೊದಲು ಅವರದ್ದು.

ಚರಂಡಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಊರಿನ ಕೊಳಚೆ ಹೊಳೆಗೆ ಬೀಳುವ ಒಂದೊಂದು ಬಾಯಿಯನ್ನೂ ನಕ್ಷೆಯಲ್ಲಿ ತೋರಿಸಿ. ಅದನ್ನು ಸರಿಮಾಡದೆ ದಾರಿ ಮಾಡಿದರೆ ಮೂಗು ಮುಚ್ಚಿಕೊಂಡು ವಾಕಿಂಗ್ ಮಾಡಬೇಕಾಗುತ್ತದೆ.

ಅನುಮತಿಯ ಮಾತಿಗೆ ಬರೋಣ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ನೀರುನಾಯಿಗಳಿಗಾಗಿ ಎಂದೇ ದೇಶದಲ್ಲಿ ಮೊದಲು ಘೋಷಿಸಿದ್ದು ಇದನ್ನೇ. ಹಾಗಾಗಿ ಅರಣ್ಯ ಇಲಾಖೆಯನ್ನು ಕೊನೆಗೆ ಅಲ್ಲ, ಮೊದಲೇ ಭೇಟಿಯಾಗಿ. ದಂಡೆಯ ಜಾಲಿ, ಜೊಂಡು, ಬಂಡೆ ಸಂದಿಗಳನ್ನು ಕ್ಲೀನ್ ಮಾಡುತ್ತೇವೆ ಎಂದು ಜೆಸಿಬಿ ತರುವ ಉತ್ಸಾಹ ಬೇಡ, ನೀರುನಾಯಿಗಳ ಮನೆ ಅಲ್ಲೇ. ಕೆಳಗಿನ ದಾರಿಗೆ ಲೈಟು ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ, ಕತ್ತಲಲ್ಲಿ ನೀರಿನ ಹತ್ತಿರ ಜನರನ್ನು ಕರೆಯುವುದೇ ತಪ್ಪು. ಹಳೇ ಕೋಟೆ, ಗುಡಿಗಳ ಹತ್ತಿರ ಪುರಾತತ್ವ ಇಲಾಖೆಯನ್ನೂ ಕೇಳಿ. ಕೇಂದ್ರದ ರಕ್ಷಿತ ಸ್ಮಾರಕವಾಗಿದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು.

ಜಾಗ ಯಾರದ್ದು ಎಂಬುದಕ್ಕೆ ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು ದಂಡೆಗುಂಟ ನಡೆದರೆ ಸರ್ವೆ ನಂಬರ್‌ಗಳು ಕಾಣುತ್ತವೆ. ಅವುಗಳ ಪಹಣಿ ತೆಗೆಸಿ. ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಪಟ್ಟಾ (ಖಾಸಗಿಯವರ ಹೆಸರಿನ ಜಮೀನು) ಎಷ್ಟು ಎಂದು ತಿಳಿಯುತ್ತದೆ. ಬಾಳೆ, ಕಬ್ಬು, ಭತ್ತದ ಹೊಲದವರು ದಂಡೆತನಕ ಉಳುತ್ತಿದ್ದರೆ ತಹಶೀಲ್ದಾರರಿಗೆ ದೂರು ಕೊಡುವ ಮೊದಲು ಅವರ ಮನೆಗೆ ಹೋಗಿ ಚಹಾ ಕುಡಿದು ಬನ್ನಿ.

ಆಮೇಲೆ ವಾರ್ಡ್ ಸದಸ್ಯರ ಮೂಲಕ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ಮುಖ್ಯಾಧಿಕಾರಿಗೆ ಅರ್ಜಿ ಕೊಡಿ. ಠರಾವಿಲ್ಲದ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ದುಡ್ಡಿಗೆ ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಜಿಲ್ಲಾ ಖನಿಜ ನಿಧಿ ಇವನ್ನು ವಿಚಾರಿಸಬಹುದು. ಆದರೆ ದೊಡ್ಡ ಮೊತ್ತ ಕೇಳಿದಷ್ಟೂ ಕಾಂಕ್ರೀಟ್ ಜಾಸ್ತಿಯಾಗುತ್ತದೆ, ಇದು ನನ್ನ ಕಸುಬಿನ ಒಳಗುಟ್ಟು. ಮೊದಲು ಅರ್ಧ ಕಿಲೋಮೀಟರ್ ಮಾತ್ರ ಕೇಳಿ. ಮುಳ್ಳು, ಕಸ ತೆಗೆಯುವಷ್ಟನ್ನು ಊರಿನವರೇ ಮಾಡಿ. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಜನ ಸೇರಿ ಹಿರೇಹಳ್ಳವನ್ನು ಮೈಲಿಗಟ್ಟಲೆ ಹಸನು ಮಾಡಿದರಲ್ವಾ.

ನೆರಳು ಮರೆಯಬೇಡಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಮೇಲಿನ ದಾರಿಗೆ ಬೇವು, ಹೊಂಗೆ. ನೀರು ಮುಟ್ಟುವ ಕಡೆ ಹೊಳೆಮತ್ತಿ, ನೇರಳೆ, ಅವು ನೆರೆಗೆ ಹೆದರುವ ಮರಗಳಲ್ಲ.

ಬಾಡಿಗೆ ಸೈಕಲ್ ಈಗಲೇ ಬೇಡ. ಮನೆಮನೆಯಲ್ಲಿ ಪಂಕ್ಚರಾಗಿ ಮೂಲೆ ಸೇರಿದ ಸೈಕಲ್‌ಗಳಿವೆ. ದಾರಿ ಶುರುವಾಗುವಲ್ಲಿ ಒಬ್ಬ ಸೈಕಲ್ ಶಾಪಿನವರಿಗೆ ಪುರಸಭೆ ಜಾಗ ಕೊಟ್ಟು, ಗಾಳಿ ಪಂಪು ಇಡಿಸಿದರೆ ಸದ್ಯಕ್ಕೆ ಸಾಕು.